ಕಬ್ಬಿನ ಗಾಡಿಯ ಹಿಂದೆ ಕ್ಯಾಮೆರಾ ಹಿಡಿದು ಮೂರು ಹಂಗಾಮು: ನನ್ನ ಅನುಭವ

ಕಾರ ಹುಣ್ಣಿಮೆ ಬಂತೆಂದರೆ ನನಗೆ ಪತ್ರಿಕೆಯಿಂದ ಫೋನ್ ಬರುತ್ತದೆ. ಕೋಡಿಗೆ ಬಣ್ಣ ಬಳಿದ, ಝೂಲ ಹೊದ್ದ ಎತ್ತುಗಳ ಫೋಟೋ ಬೇಕು ಅಂತ. ಎರಡು ಗಂಟೆಯ ಕೆಲಸ, ಮರುದಿನ ಮುಖಪುಟ. ಅದೇ ಎತ್ತುಗಳು ಕಬ್ಬು ಕಡಿಯುವ ಹಂಗಾಮಿನಲ್ಲಿ ಹೇಗಿರುತ್ತವೆ ಅಂತ ಮಾತ್ರ ಯಾರೂ ಫೋನ್ ಮಾಡಿ ಕೇಳಿಲ್ಲ. ನಾನಾಗಿಯೇ ಹೋಗಿದ್ದು.

ನಾನು ಬಾಗಲಕೋಟೆ ಜಿಲ್ಲೆಯವನು. ಮದುವೆ ಆಲ್ಬಮ್ ಹೊಟ್ಟೆಪಾಡು, ಸುದ್ದಿ ಫೋಟೋ ಹುಚ್ಚು. ಮುಧೋಳ, ಜಮಖಂಡಿ, ಮಹಾಲಿಂಗಪುರದ ಕಡೆ ನವೆಂಬರ್‌ನಿಂದ ಓಡಾಡಿದವರಿಗೆ ಗೊತ್ತು, ರಸ್ತೆ ತುಂಬ ಕಬ್ಬು. ಟ್ರ್ಯಾಕ್ಟರ್‌ಗಳ ನಡುವೆ ಟೈರಿನ ಎತ್ತಿನ ಗಾಡಿಗಳು. ಹಿಂದಿನಿಂದ ನೋಡಿದರೆ ಎತ್ತು ಕಾಣೋದೇ ಇಲ್ಲ, ಕಬ್ಬಿನ ರಾಶಿಯೊಂದು ತಾನೇ ನಡೆದುಕೊಂಡು ಹೋಗುತ್ತಿರುವ ಹಾಗೆ.

ಮೊದಲ ವರ್ಷ ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ದೂರದಲ್ಲಿ ಬೈಕ್ ನಿಲ್ಲಿಸಿ, ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂ ಲೆನ್ಸ್ ಹಾಕಿ ಕಾದೆ. ಒಂದು ಏರಿನಲ್ಲಿ ಎತ್ತು ಮೊಣಕಾಲೂರಿತು, ಗಾಡಿಯವನು ಬಾರುಕೋಲು ಎತ್ತಿದ. ಸಿಕ್ಕಿತು ಫೋಟೋ. ರಾತ್ರಿಯೇ ಫೇಸ್‌ಬುಕ್‌ಗೆ ಹಾಕಿದೆ. ಸಾವಿರಗಟ್ಟಲೆ ಶೇರ್. ಕೆಳಗೆ ಬರೀ ಬೈಗುಳ, ಎಲ್ಲ ಆ ಮನುಷ್ಯನಿಗೇ. ಅವನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು, ಯಾರೋ ಊರನ್ನೂ ಪತ್ತೆ ಮಾಡಿದರು. ಎರಡು ವಾರ ಬಿಟ್ಟು ಚಹಾದಂಗಡಿಯಲ್ಲಿ ಅವನೇ ಎದುರಾದ.

"ನೀವ ಏನ್ರೀ ಆ ಫೋಟೋ ಹೊಡದವ್ರು? ಗಾಡಿ ನಂದಲ್ರಿ, ಎತ್ತು ಅಷ್ಟ ನಂದು. ಗುತ್ತಿಗೆದಾರ ಇನ್ನ ಕೆಲಸಕ್ಕ ಬ್ಯಾಡ ಅಂದ. ಇಸ್ಕೊಂಡ ಮುಂಗಡ ಹ್ಯಾಂಗ ತೀರಸ್ಲಿ?"

ಏನು ಹೇಳಲಿ? ಚಹಾ ಕುಡಿಸಿದೆ. ಅಷ್ಟೇ ಮಾಡಲು ತೋಚಿದ್ದು. ಅವನು ಪುಣ್ಯಾತ್ಮ, ಜಗಳಕ್ಕೆ ಬರಲಿಲ್ಲ, ಲೆಕ್ಕ ಬಿಡಿಸಿ ಹೇಳಿದ. ಕೂಲಿ ಸಿಗೋದು ಟನ್ನಿನ ಮೇಲೆ, ಟ್ರಿಪ್ಪಿನ ಮೇಲಲ್ಲ. ಹಾಗಾಗಿ ಎಷ್ಟು ಹೇರಿದರೆ ಅಷ್ಟು ಲಾಭ. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತಾ ಹೋದ ಹಾಗೆ ತೂಕ ಇಳಿಯುತ್ತದೆ, ಅದಕ್ಕೇ ಎತ್ತಿಗೆ ದಣಿವಾದರೂ ನಿಲ್ಲಿಸುವ ಹಾಗಿಲ್ಲ. ಇಷ್ಟೆಲ್ಲ ಓಡಿ ಫ್ಯಾಕ್ಟರಿ ಮುಟ್ಟಿದ ಮೇಲೆ ಸಾಲಿನಲ್ಲಿ ಗಂಟೆಗಟ್ಟಲೆ ಕಾಯಬೇಕು. ನನ್ನ ಫೋಟೋದಲ್ಲಿ ಇದ್ಯಾವುದೂ ಇರಲಿಲ್ಲ. ಇದ್ದದ್ದು ಒಂದು ಎತ್ತಿದ ಕೈ ಮಾತ್ರ. ಪೋಸ್ಟ್ ಅಳಿಸಿದೆ, ಆದರೆ ಆಗಿದ್ದು ಆಗಿಹೋಗಿತ್ತು.

ಎರಡನೇ ಹಂಗಾಮಿಗೆ ಸ್ವಲ್ಪ ಓದಿಕೊಂಡೆ. ಕೆನಡಾದ ಜೋ-ಆ್ಯನ್ ಮೆಕಾರ್ಥರ್ ಅಂತ ಒಬ್ಬ ಫೋಟೋಗ್ರಾಫರ್ ಇದ್ದಾರೆ, ವೀ ಅನಿಮಲ್ಸ್ ಅನ್ನೋ ಸಂಸ್ಥೆ ಕಟ್ಟಿದವರು. ಕಾಡುಪ್ರಾಣಿಯೂ ಅಲ್ಲ, ಮನೆಯ ಮುದ್ದಿನ ನಾಯಿಯೂ ಅಲ್ಲ, ಫಾರಂನಲ್ಲಿ, ಲಾರಿಯಲ್ಲಿ, ಲ್ಯಾಬಿನಲ್ಲಿ ಇರೋ ಪ್ರಾಣಿಗಳನ್ನು ತೆಗೆಯುತ್ತಾರೆ. ಅವರ ಫೋಟೋ ನೋಡಿ ನಾನು ಕಲಿತದ್ದು ಒಂದೇ, ಪ್ರಾಣಿಯ ಕಣ್ಣಿನ ಎತ್ತರಕ್ಕೆ ಇಳಿಯಬೇಕು. ಆಮೇಲೆ ಕಾನೂನು. ಭಾರ ಎಳೆಯುವ ಪ್ರಾಣಿಗಳಿಗೆ ಅಂತಲೇ 1965ರ ನಿಯಮಗಳಿವೆ ಅಂತ ನನಗೆ ಗೊತ್ತೇ ಇರಲಿಲ್ಲ! ದಿನಕ್ಕೆ ಒಟ್ಟು 9 ಗಂಟೆಗಿಂತ ಜಾಸ್ತಿ ದುಡಿಸಬಾರದು, ನಡುವೆ ವಿಶ್ರಾಂತಿ ಕೊಡದೆ 5 ಗಂಟೆ ಮೀರಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ಮಾರ್ಚ್‌ನಲ್ಲಿ ನಮ್ಮ ಕಡೆ 37 ಯಾವ ಲೆಕ್ಕ? ಇನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತಾ, 10ರಿಂದ 50 ರೂಪಾಯಿ. ಆ ಕಾಲದಲ್ಲಿ ಬರೆದದ್ದು ಹಾಗೇ ಉಳಿದಿದೆ. ಅಂದ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಟ್ಟು ಗಾಡಿಯವನಿಗೆ ಐವತ್ತು ರೂಪಾಯಿ ಹಾಕಿಸಿದರೆ ಎತ್ತಿಗೆ ಏನು ಬಂತು?

ಈ ಸಲ ರಸ್ತೆ ಬಿಟ್ಟು ಒಂದೇ ಜೋಡಿ ಎತ್ತಿನ ಹಿಂದೆ ಒಂದಿಡೀ ದಿನ ಹೋಗೋಣ ಅಂದುಕೊಂಡೆ. ಒಬ್ಬ ಹಿರಿಯ ಗಾಡಿಯವರು ಒಪ್ಪಿದರು. ಅವರ ಷರತ್ತು, ಮುಖ ಬರಬಾರದು. ನನ್ನ ಷರತ್ತು, ನನಗಾಗಿ ಏನನ್ನೂ ಬದಲಾಯಿಸಬಾರದು. ಮೊದಲ ಒಂದು ತಾಸು ಕ್ಯಾಮೆರಾ ಬ್ಯಾಗಿನಿಂದ ತೆಗೆಯಲೇ ಇಲ್ಲ. ಖಿಲಾರಿ ತಳಿಯ ಎತ್ತುಗಳು ಮೊದಲೇ ಸಿಡುಕು, ಹೊಸಬರು ಹತ್ತಿರ ಬಂದರೆ ತಲೆ ಬೀಸುತ್ತವೆ. ಯಜಮಾನ ನಿಲ್ಲುವ ಕಡೆಯೇ ನಿಂತು, ಅವರ ದನಿ ಕೇಳಿಸುತ್ತಿರುವಾಗ ನಿಧಾನ ಕೂತೆ. ಹತ್ತಿರ ಹೋಗಿಯೇ ತೆಗೆಯಬೇಕಾದ 35 ಎಂಎಂ ಲೆನ್ಸ್, ಸೈಲೆಂಟ್ ಶಟರ್, ಫ್ಲ್ಯಾಶ್ ಇಲ್ಲವೇ ಇಲ್ಲ. ಕತ್ತಲಲ್ಲಿ ಫೋಟೋ ಕಾಳುಕಾಳಾಗಿ ಬಂದರೆ ಬರಲಿ.

ಬೆಳಗ್ಗೆ 4:40ಕ್ಕೆ ಹೊಲದಲ್ಲಿ ನೊಗ ಕಟ್ಟಿದರು. 9:15ಕ್ಕೆ ಡಾಂಬರು ರಸ್ತೆ. 11:50ಕ್ಕೆ ಫ್ಯಾಕ್ಟರಿ ಗೇಟು. ಅಲ್ಲಿಂದ ಸಾಲು. ರಾತ್ರಿ 9:10ಕ್ಕೆ ಗಾಡಿ ಖಾಲಿಯಾಯಿತು. ನೊಗದಿಂದ ಎತ್ತು ಬಿಚ್ಚಿದ್ದು ಆಗಲೇ. ಆ ಸಾಲಿನಲ್ಲಿ ಕಾಯುವಷ್ಟು ಹೊತ್ತೂ ಒಂದೇ ಕಡೆ ನಿಂತು, ಒಂದೇ ಎತ್ತರದಿಂದ, ಅರ್ಧ ಗಂಟೆಗೊಂದು ಫೋಟೋ ತೆಗೆದೆ. ನೆರಳು ಸರಿಯುತ್ತದೆ, ಮುಂದಿನ ಟ್ರ್ಯಾಕ್ಟರ್ ಬದಲಾಗುತ್ತದೆ, ಎತ್ತು ಮಾತ್ರ ಅಲ್ಲೇ. ಬೇಸರದ ಫೋಟೋಗಳು ಅವು, ಒಂದೊಂದಾಗಿ ನೋಡಿದರೆ ಯಾರೂ ಲೈಕ್ ಒತ್ತುವುದಿಲ್ಲ. ಸಾಲಾಗಿ ಇಟ್ಟಾಗ ಮಾತಾಡತೊಡಗಿದವು.

ಸಂಜೆ ಹೊತ್ತಿಗೆ ಆ ಯಜಮಾನರು ನೊಗವನ್ನು ಭುಜದಿಂದ ಮೇಲೆತ್ತಿ ಹಿಡಿದು, "ನೋಡ್ರಿ ಇಲ್ಲಿ" ಅಂದರು. ಕೂದಲು ಸವೆದು ಚರ್ಮ ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಗಡುಸಾಗಿತ್ತು. ನಡುವೆ ರೂಪಾಯಿ ನಾಣ್ಯದಷ್ಟಗಲ ಹಸಿ ಗಾಯ, ಅಂಚಿನಲ್ಲಿ ನೊಣ. ಅವರು ಚೀಲದಿಂದ ಅರಿಶಿನ ಎಣ್ಣೆಯ ಡಬ್ಬಿ ತೆಗೆದು ಬೆರಳಲ್ಲಿ ಹಚ್ಚಿದರು. ಎತ್ತು ಒಮ್ಮೆ ಚರ್ಮ ನಡುಗಿಸಿ ಕಣ್ಣು ಮುಚ್ಚಿತು. ಹಳದಿಯಾದ ಬೆರಳು, ಗಾಯ, ಮುಚ್ಚಿದ ಕಣ್ಣು. ನಾನು ಒಟ್ಟು ಮೂರು ಸಲ ಕ್ಲಿಕ್ ಮಾಡಿದೆ. ಇವತ್ತಿಗೂ ಜನ ಕೇಳೋದು ಆ ಫೋಟೋವನ್ನೇ.

ಎಡಿಟಿಂಗ್ ಬಗ್ಗೆ ಒಂದು ಮಾತು. ಗಾಯದ ಕೆಂಪು ಸ್ವಲ್ಪ ಜಾಸ್ತಿ ಮಾಡು, ಎದ್ದು ಕಾಣುತ್ತೆ ಅಂತ ಗೆಳೆಯನೊಬ್ಬ ಹೇಳಿದ. ಮಾಡಲಿಲ್ಲ. ಅಷ್ಟು ಮಾಡಿದರೆ ಸಾಕು, ಎದುರಿಗಿನವರು "ಫೋಟೋಶಾಪ್" ಅಂದು ಬಾಗಿಲು ಹಾಕುತ್ತಾರೆ. ಮೂಲ ಫೈಲ್‌ಗಳನ್ನು ಎರಡು ಕಡೆ ಇಟ್ಟೆ. ಕ್ಯಾಪ್ಷನ್‌ನಲ್ಲಿ ತಾರೀಖು, ಹೊತ್ತು, ಜಾಗ, ಅಷ್ಟೇ. "ಮೂಕ ವೇದನೆ" ತರದ್ದು ಒಂದೂ ಇಲ್ಲ.

ಪತ್ರಿಕೆಯವರು ಮೊದಲು ಬೇಡ ಅಂದರು. ಬೆಳಗ್ಗೆ ಚಹಾ ಜೊತೆ ಗಾಯ ಯಾರು ನೋಡ್ತಾರೆ ಅಂತ. ಸರಿ ಅಂತ 14 ಪ್ರಿಂಟ್ ಹಾಕಿಸಿ ಫ್ಯಾಕ್ಟರಿಯ ಕಬ್ಬು ವಿಭಾಗಕ್ಕೇ ಒಯ್ದೆ. ಮೊದಲ ಸಲ "ಗಾಡಿ, ಎತ್ತು ನಮ್ಮದಲ್ಲ". ಎರಡನೇ ಸಲ "ಸಾಹೇಬರಿಲ್ಲ". ಮೂರನೇ ಸಲ ಪಶುವೈದ್ಯರೊಬ್ಬರನ್ನು ಕರೆದುಕೊಂಡೇ ಹೋದೆ. ಅಲ್ಲಿನ ಅಧಿಕಾರಿ ಒಳ್ಳೆಯ ಪ್ರಶ್ನೆಯನ್ನೇ ಕೇಳಿದರು, "ಸಾಲಿನಲ್ಲಿ ನಿಂತಿದ್ದವಲ್ರೀ, ಎಳೆದಿಲ್ಲವಲ್ಲ, ಅದು ಕೆಲಸ ಹೇಗಾಗುತ್ತೆ?" ಡಾಕ್ಟರು ಆ ಸಾಲು ಫೋಟೋಗಳ ಮೇಲೆ ಬೆರಳಿಟ್ಟು ತೋರಿಸಿದರು. ಎರಡು ಚಕ್ರದ ಗಾಡಿ, ಕಬ್ಬು ಮುಂದಕ್ಕೆ ವಾಲಿದೆ, ಮೂಕಿಗೆ, ಅಂದರೆ ನೊಗ ಕಟ್ಟುವ ಮುಂದಿನ ಉದ್ದ ಮರಕ್ಕೆ, ಆಸರೆ ಇಲ್ಲ. ನಿಂತಾಗಲೂ ಭಾರ ಹೆಗಲ ಮೇಲೆಯೇ. ನಾನು 2022ರಲ್ಲಿ ವೈರಲ್ ಆಗಿದ್ದ ಫೋಟೋ ಮೊಬೈಲ್‌ನಲ್ಲಿ ತೋರಿಸಿದೆ, ಸಾಂಗ್ಲಿ ಜಿಲ್ಲೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನೊಗದ ಕೆಳಗೆ ಪುಟ್ಟ ಗಾಲಿ ಕೂರಿಸಿದ್ದು. ಅಧಿಕಾರಿ ಅದನ್ನು ತಮ್ಮ ನಂಬರಿಗೆ ಕಳಿಸಿಕೊಂಡರು. ಮಾತು ಮುಂದುವರಿದದ್ದು ಅಲ್ಲಿಂದಲೇ.

ಗಾಲಿ ಬರಲಿಲ್ಲ. ಬಂದದ್ದು ಇಷ್ಟು: ಎತ್ತಿನ ಗಾಡಿಗೆ ಟ್ರ್ಯಾಕ್ಟರ್‌ನಿಂದ ಬೇರೆ ಸಾಲು, ಕಾಯುವಾಗ ಮೂಕಿಗೆ ಆಸರೆ ಕೊಟ್ಟು ಎತ್ತು ಬಿಚ್ಚಲು ಜಾಗ, ನೀರಿನ ತೊಟ್ಟಿ. ಹೇರುವ ಭಾರ ಕಡಿಮೆಯಾಗಿಲ್ಲ, ಕೂಲಿಯ ಲೆಕ್ಕ ಬದಲಾಗದೆ ಆಗೋದೂ ಇಲ್ಲ ಅಂತ ನನ್ನ ಅನಿಸಿಕೆ. ಪತ್ರಿಕೆಯವರು ಆಮೇಲೆ ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಕೊಟ್ಟರು, ಅರಿಶಿನ ಹಚ್ಚುವ ಫೋಟೋ ದೊಡ್ಡದಾಗಿ.

ಇದು ಮೂರನೇ ಹಂಗಾಮು. ಮೊನ್ನೆ ಹೋದಾಗ ಎತ್ತುಗಳು ಬಿಚ್ಚಿಕೊಂಡು ನಿಂತಿದ್ದವು, ತೊಟ್ಟಿ ಮಾತ್ರ ಒಣಗಿತ್ತು. ನಲ್ಲಿ ಮುರಿದಿದೆ. ಒಂದು ಎತ್ತು ತೊಟ್ಟಿಯ ತಳ ನೆಕ್ಕುತ್ತಿತ್ತು. ಅದರ ಫೋಟೋ ತೆಗೆದು, ತಾರೀಖು, ಹೊತ್ತು ಹಾಕಿ ಆ ಅಧಿಕಾರಿಗೆ ವಾಟ್ಸಾಪ್ ಮಾಡಿದ್ದೇನೆ. ನೀಲಿ ಟಿಕ್ ಬಂದಿದೆ. ನಾಳೆ ಮತ್ತೆ ಹೋಗಿ ನೋಡುತ್ತೇನೆ.