ಬಾಡಿಗೆಗೆ ಅಂತ ತಗೊಂಡ ಮನೆ: ಸಾಲ ಬೇರೆ ಬ್ಯಾಂಕಿಗೆ ದಾಟಿಸೋದು ಹೇಗೆ?

ಶಿವಮೊಗ್ಗದ ನವುಲೆ, ಗೋಪಾಳ, ಸವಳಂಗ ರಸ್ತೆ ಕಡೆ ಬಾಡಿಗೆಗೆ ಕೊಡೋಕೆ ಅಂತಾನೇ ಮನೆ ತಗೊಳ್ಳೋರು ಇದಾರೆ. ಅಡಿಕೆ ದುಡ್ಡು ಒಂದಿಷ್ಟು, ಮಿಕ್ಕಿದ್ದು ಸಾಲ. ರಿಜಿಸ್ಟ್ರೇಷನ್ ಗಡಿಬಿಡೀಲಿ ಯಾವ ಬ್ಯಾಂಕ್ ಮೊದ್ಲು ಹೂಂ ಅಂತೋ ಅಲ್ಲೇ ಸೈನ್ ಹಾಕಿರ್ತಾರೆ, ಆಮೇಲೆ ಇನ್ನೊಂದು ಕಡೆ ಬಡ್ಡಿ ಕಮ್ಮಿ ಅಂತ ಗೊತ್ತಾಗಿ ಟೇಕ್‌ಓವರ್‌ಗೆ, ಅಂದ್ರೆ ಸಾಲ ಅಲ್ಲಿಗೆ ದಾಟಿಸೋಕೆ ಹೊರಟು ಅರ್ಧದಲ್ಲಿ ಸಿಕ್ಕಾಕೊಂಡೋರನ್ನ ತುಂಬ ನೋಡಿದೀನಿ.

1. ಮೊದ್ಲು ನಿಮ್ ಬ್ಯಾಂಕಲ್ಲೇ ಕೇಳಿ. 2025ರಲ್ಲಿ ರೆಪೊ ದರ (ಆರ್‌ಬಿಐ ಬ್ಯಾಂಕ್‌ಗಳಿಗೆ ಸಾಲ ಕೊಡೋ ಬಡ್ಡಿ) ಶೇ 6.5ರಿಂದ 5.25ಕ್ಕೆ ಇಳೀತು. ರೆಪೊಗೆ ಜೋಡಿಸಿದ ಬ್ಯಾಂಕ್ ಸಾಲ ಆದ್ರೆ ಮೂರು ತಿಂಗಳಿಗೊಮ್ಮೆಯಾದ್ರೂ ದರ ಬದಲಾಗ್ಬೇಕು. ಹೌಸಿಂಗ್ ಫೈನಾನ್ಸ್ ಕಂಪನಿ ಸಾಲಕ್ಕೆ ಈ ನಿಯಮ ಇಲ್ಲ. ಸಣ್ಣ ಫೀಸ್ ತಗೊಂಡು ಇದ್ದಲ್ಲೇ ದರ ಇಳಿಸಿಕೊಟ್ರೆ ಅಲ್ಲೇ ಇರಿ, ಓಡಾಟ ಬೇಡ.

2. ಲೆಕ್ಕ ಹಾಕಿ. 40 ಲಕ್ಷ, 20 ವರ್ಷ, ಬಡ್ಡಿ 9ರಿಂದ 8ಕ್ಕೆ ಇಳಿದ್ರೆ ಇಎಂಐ ತಿಂಗಳಿಗೆ ಸುಮಾರು 2,500 ರೂಪಾಯಿ ಕಮ್ಮಿ. ಪ್ರೋಸೆಸಿಂಗ್ ಫೀಸ್, ಲೀಗಲ್, ವ್ಯಾಲ್ಯುಯೇಷನ್, ಹೊಸ ಅಡಮಾನದ ಸ್ಟಾಂಪ್ ಡ್ಯೂಟಿ ಎಲ್ಲಾ ಸೇರಿಸಿ ನೋಡಿ. ವ್ಯಕ್ತಿಗಳ ಫ್ಲೋಟಿಂಗ್ (ಬಡ್ಡಿ ದರ ಬದಲಾಗೋ) ಹೋಮ್ ಲೋನಿಗೆ ಮುಂಚೆ ತೀರಿಸಿದ್ದಕ್ಕೆ ದಂಡ ಹಾಕೋ ಹಾಗಿಲ್ಲ, ಯಾರಾದ್ರೂ ಕೇಳಿದ್ರೆ ಬರವಣಿಗೇಲಿ ಕೊಡಿ ಅನ್ನಿ.

3. ಕನಿಷ್ಠ 12 ಇಎಂಐ ಒಂದೂ ತಪ್ಪದೆ ಕಟ್ಟಿ, ಆಮೇಲೆ ಹೋಗಿ. ಬಾಡಿಗೆ ದುಡ್ಡು ಕೈಗೆ ಇಸ್ಕೋಬೇಡಿ, ಅಕೌಂಟಿಗೇ ಹಾಕಿಸ್ಕೊಳ್ಳಿ, ಇಲ್ದಿದ್ರೆ ಅದು ಆದಾಯ ಅಂತ ತೋರಿಸೋದೇ ಕಷ್ಟ.

4. ಖಾತೆ, ಅಂದ್ರೆ ಪಾಲಿಕೆ ಅಥವಾ ಪಂಚಾಯ್ತಿಲಿರೋ ಆಸ್ತಿ ದಾಖಲೆ. ಹೊಸ್ದಾಗಿ ಮನೆ ತಗೊಂಡೋರು ಎಡವೋದು ಇಲ್ಲೇ. ಕ್ರಯಪತ್ರ ಆಯ್ತಲ್ಲ ಅಂತ ಸುಮ್ನಾಗ್ತಾರೆ, ಇ-ಖಾತೆ ಇನ್ನೂ ಮಾರಿದವರ ಹೆಸರಲ್ಲೇ ಇರತ್ತೆ. ಪಾಲಿಕೆ ವ್ಯಾಪ್ತಿ ಆದ್ರೆ ಇ-ಆಸ್ತಿ, ಊರ ಹೊರಗೆ ಪಂಚಾಯ್ತಿ ಆದ್ರೆ ಇ-ಸ್ವತ್ತಿನ ನಮೂನೆ 9, 11ಎ ನಿಮ್ ಹೆಸರಿಗೆ ಬರ್ಬೇಕು. 11ಬಿ (ಪೂರ್ತಿ ಸಕ್ರಮ ಅಲ್ಲದ ಆಸ್ತಿಯ ದಾಖಲೆ) ಆದ್ರೆ ತುಂಬ ಬ್ಯಾಂಕ್‌ನೋರು ಹಿಂಜರೀತಾರೆ.

5. ಇನ್ನು ಅಸಲಿ ತಲೆನೋವು, ಹಣ ಕೈ ಬದಲಾಗೋ ದಿನ. ಹಳೇ ಬ್ಯಾಂಕಿಂದ ಮೂರು ಕಾಗದ ಒಟ್ಟಿಗೇ ತಗೊಳ್ಳಿ: ಸ್ಟೇಟ್‌ಮೆಂಟ್, ಅವರ ಹತ್ರ ಇರೋ ದಾಖಲೆಗಳ ಪಟ್ಟಿ, ಫೋರ್‌ಕ್ಲೋಷರ್ ಲೆಟರ್ (ಸಾಲ ಪೂರ್ತಿ ತೀರಿಸೋಕೆ ಎಷ್ಟು ಕಟ್ಬೇಕು ಅಂತ ಹೇಳೋ ಕಾಗದ). ಆ ಪಟ್ಟೀಲಿ ಮೂಲ ಕ್ರಯಪತ್ರ, ಹಿಂದಿನವರ ಕ್ರಯಪತ್ರ ಎಲ್ಲಾ ಇದ್ಯಾ ಅಂತ ನೀವೇ ಕೂತು ಟಿಕ್ ಹಾಕಿ. ಲೆಟರಲ್ಲಿ ಇಂಥ ದಿನಕ್ಕೆ ಇಷ್ಟು ಬಾಕಿ, ದಾಟಿದ್ರೆ ದಿನಕ್ಕೆ ಇಷ್ಟು ಬಡ್ಡಿ ಅಂತ ಇರತ್ತೆ, ಹೊಸ ಬ್ಯಾಂಕಿನ ಡಿಡಿ ಎರಡು ದಿನ ತಡ ಆದ್ರೂ ಸಾವಿರ ಚಿಲ್ರೆ ಕಮ್ಮಿ ಬಿದ್ದು ಅಕೌಂಟ್ ಕ್ಲೋಸೇ ಆಗಲ್ಲ, ಕ್ಲೋಸ್ ಆಗದೆ ಹಳೇ ಬ್ಯಾಂಕ್‌ನೋರು ಮನೆ ಪತ್ರ ಕೊಡಲ್ಲ, ಪತ್ರ ಬರದೆ ಹೊಸ ಬ್ಯಾಂಕ್‌ನೋರು ಫೋನ್ ಮೇಲೆ ಫೋನ್. ಅದಕ್ಕೇ ಒಂದು ವಾರದ ಬಡ್ಡಿ ಜಾಸ್ತಿ ಸೇರಿಸಿ ಡಿಡಿ ತೆಗೆಸಿ, ಹೆಚ್ಚಾಗಿದ್ದು ವಾಪಸ್ ಬರತ್ತೆ. ಇಎಂಐ ಕಟ್ ಆಗೋ ಹಿಂದಿನ ದಿನ ಅಂತೂ ಬೇಡ್ವೇ ಬೇಡ. ಡಿಡಿ ಕೊಟ್ಟಿದ್ದಕ್ಕೆ ಸೀಲ್ ಹಾಕಿದ ಸ್ವೀಕೃತಿ ಇಸ್ಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆ ಕೊಡ್ಬೇಕು, ತಡ ಅವರಿಂದಾದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಜಾರಿ ಇರೋ ಆರ್‌ಬಿಐ ನಿಯಮ ಇದು, ಆ ಸ್ವೀಕೃತಿ ಇದ್ರೆ ಗಟ್ಟಿಯಾಗಿ ಕೇಳ್ಬಹುದು.

ಈ ಗಡಿಬಿಡಿ ಮಧ್ಯೆ ಸಾಲದ ಜೊತೆ ಒಂದೇ ಕಂತಿನ ಇನ್ಶೂರೆನ್ಸ್ ಅಂಟಿಸ್ತಾರೆ, ಪ್ರೀಮಿಯಂ ಸಾಲಕ್ಕೇ ಸೇರಿ ಅದಕ್ಕೂ ಬಡ್ಡಿ. ಕಡ್ಡಾಯ ಅಲ್ಲ ಮಾರಾಯ್ರೆ, ಬೇಡ ಅನ್ನಿ, ಬೇರೆಯಾಗಿ ಟರ್ಮ್ ಪಾಲಿಸಿ ಮಾಡಿ. ಟಾಪ್‌ಅಪ್ (ಹಳೇ ಬಾಕಿಗಿಂತ ಮೇಲೆ ಕೊಡೋ ಹೆಚ್ಚುವರಿ ಸಾಲ) ಕೂಡ ಆಸೆಗೆ ತಗೋಬೇಡಿ. ಹಳೇ ಸಾಲ ತೀರಿಸೋಕೆ ತಗೊಂಡ ಹೊಸ ಸಾಲದ ಬಡ್ಡೀನ ಬಾಡಿಗೆ ಆದಾಯದಲ್ಲಿ ಕಳೀಬಹುದು, ಆದ್ರೆ ಟಾಪ್‌ಅಪ್ ದುಡ್ಡಲ್ಲಿ ಕಾರು ತಗೊಂಡ್ರೆ ಅದರ ಬಡ್ಡಿಗೆ ಆ ಅನುಕೂಲ ಇಲ್ಲ.

6. ಪತ್ರ ಹೊಸ ಬ್ಯಾಂಕ್ ಸೇರಿದ್ಮೇಲೆ ಹಳೇ ಇಎಂಐ ಮ್ಯಾಂಡೇಟ್ (ಅಕೌಂಟಿಂದ ತಾನಾಗೇ ಕಟ್ ಆಗೋಕೆ ಕೊಟ್ಟ ಒಪ್ಪಿಗೆ) ರದ್ದು ಮಾಡಿಸಿ. ಹಳೇ ಅಡಮಾನ ರಿಜಿಸ್ಟರ್ ಆಗಿದ್ರೆ ಅದರ ಬಿಡುಗಡೇನೂ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿ, ಇಲ್ದಿದ್ರೆ ನಾಳೆ ಮಾರೋವಾಗ ಇಸಿಯಲ್ಲಿ (ಋಣಭಾರ ಪತ್ರದಲ್ಲಿ) ಎರಡೆರಡು ಬ್ಯಾಂಕ್ ಋಣ ಕಾಣತ್ತೆ. ಆಮೇಲೆ ಕಾವೇರಿ ಪೋರ್ಟಲ್‌ನಲ್ಲಿ ಹೊಸ ಇಸಿ ತೆಗೆದು ನೋಡಿ, ಸಿಬಿಲ್ ರಿಪೋರ್ಟಲ್ಲಿ ಹಳೇ ಸಾಲ ಕ್ಲೋಸ್ಡ್ ಅಂತ ಬಂದಿದ್ಯಾ ಅದನ್ನೂ ನೋಡಿ.