ಝೆನ್ ಕಾರಿನ ಫ್ಲೇರ್ ಗ್ಯಾಪು ಕೊನೆಗೂ ಮುಚ್ಚಿತು (ನನ್ನ ಅನುಭವ)

ಎರಡು ಬೇಸಿಗೆ, ಒಂದು ಪೂರ್ತಿ ಮಳೆಗಾಲ ಕಳೀತು. ನನ್ನ ಹಳೇ ಮಾರುತಿ ಝೆನ್‌ಗೆ ಕೂರಿಸಿದ ನಾಲ್ಕು ಫೈಬರ್ (ಗಾಜಿನ ಎಳೆಗೆ ರೆಸಿನ್ ಅನ್ನೋ ಅಂಟು ಸೇರಿಸಿ ಮಾಡಿದ) ಫ್ಲೇರ್‌ಗಳಲ್ಲಿ (ಚಕ್ರದ ಮೇಲೆ ಹೊರಗೆ ಉಬ್ಬಿ ನಿಲ್ಲೋ ಕಮಾನು) ಮೂರರ ಜಾಯಿಂಟಲ್ಲಿ, ಅಂದ್ರೆ ತಗಡಿಗೆ ಸೇರೋ ಕಡೆ, ಕೂದಲೆಳೆಯಷ್ಟೂ ಬಿರುಕಿಲ್ಲ. ನಾಲ್ಕನೇದರ ಕಥೆ ಆಮೇಲೆ ಹೇಳ್ತೀನಿ. ಗಾಡಿ ರಸ್ತೆಗೆ ಇಳಿಯಲ್ಲ, ಮಣ್ಣು ಟ್ರ್ಯಾಕಿನ ರೇಸ್ ಆಟೋಕ್ರಾಸ್‌ಗೆ ಅಂತಲೇ ಇಟ್ಕೊಂಡಿರೋದು, ಆದ್ರೆ ಅಲ್ಲಿ ಬೀಳೋ ಕುಲುಕಾಟ ಯಾವ ಹಳ್ಳಿ ರಸ್ತೆಗೂ ಕಮ್ಮಿ ಇಲ್ಲ. "ಫೈಬರ್ರು ತಗಡು ಯಾವತ್ತೂ ಒಂದಾಗಲ್ಲ ಗುರು, ರಬ್ಬರ್ ಬೀಡಿಂಗ್ ಕೊಟ್ಟು ಮುಚ್ಬಿಡು" ಅಂತ ಶೆಡ್ಡಲ್ಲಿ ಬಂದವರೆಲ್ಲ ಹೇಳಿದ್ರು. ನನಗೆ ಬೀಡಿಂಗ್ ಬೇಡವಾಗಿತ್ತು, ಫ್ಲೇರು ಕಂಪನಿಯಿಂದಲೇ ಬಂದ ಹಾಗೆ ಫೆಂಡರ್ (ಚಕ್ರದ ಮೇಲಿನ ಬಾಡಿ ತಗಡು) ಒಳಗಿಂದ ಉಬ್ಬಿ ಬರಬೇಕಿತ್ತು.

ಫ್ಲೇರಿಗೂ ಫೆಂಡರಿಗೂ ನಡುವೆ ಗ್ಯಾಪ್ ಬಂದಿದ್ದು ನನ್ನ ಅವಸರದಿಂದ. ಮೋಲ್ಡಿಂದ ಪೀಸ್ ಬೇಗ ಎಬ್ಬಿಸಿಬಿಟ್ಟೆ, ರೆಸಿನ್ ಪೂರ್ತಿ ಕ್ಯೂರ್ ಆಗಿ ಗಟ್ಟಿಯಾಗಿರಲಿಲ್ಲ, ಎರಡೇ ದಿನದಲ್ಲಿ ತಿರುಚಿಕೊಂಡಿತು. ಗಾಡಿಗೆ ಹಿಡಿದು ನೋಡಿದ್ರೆ ಒಂದು ಕಡೆ 3 ಎಂಎಂ, ಬಂಪರ್ ಕಡೆ ಹೋಗ್ತಾ ಹೋಗ್ತಾ ಹೆಬ್ಬೆರಳು ತೂರುತ್ತೆ.

ಮೊದಲನೇ ಸಲ ಎಲ್ಲರೂ ಮಾಡೋದನ್ನೇ ಮಾಡಿದೆ, ಪಾಪ್ ರಿವೆಟ್ (ಎರಡು ಪದರ ಜೋಡಿಸೋ ಮೊಳೆ) ಹೊಡೆದು ಮೇಲೆ ಪುಟ್ಟಿ. ಕೆಲವು ಕಡೆ ಪುಟ್ಟಿ 10 ಎಂಎಂ ದಪ್ಪ ಕೂತಿತ್ತು. ಪೇಂಟ್ ಆದ ದಿನ ಕನ್ನಡಿ ಥರ ಇತ್ತು, ಎರಡು ತಿಂಗಳಿಗೆ ರಿವೆಟ್ ಇದ್ದ ಜಾಗದಲ್ಲೆಲ್ಲ ಗುಂಡಗೆ ಬಿರುಕು. ಪೇಂಟು ಸೇರಿ 11 ಸಾವಿರ ಹತ್ತಿರ ಹೋಯ್ತು.

ಎರಡನೇ ಸಲ ಗ್ಯಾಪಿಗೆ ಹಿಂದಿನಿಂದ ಥರ್ಮೋಕೋಲ್ ಪೀಸ್ ಒತ್ತಿ, ಮೇಲೆ ಮ್ಯಾಟು (ಗಾಜಿನ ತುಂಡೆಳೆಗಳ ಹಾಳೆ), ಪಾಲಿಯೆಸ್ಟರ್ ರೆಸಿನ್. ರೆಸಿನ್ ಮುಟ್ಟಿದ ತಕ್ಷಣ ಥರ್ಮೋಕೋಲ್ ಕರಗಿ ಒಳಗೆ ಹೋಯ್ತು, ಮ್ಯಾಟ್ ಜೋತುಬಿತ್ತು. ಪಿಯು (ಪಾಲಿಯುರೆಥೇನ್) ಫೋಮ್ ಆಗಿದ್ರೆ ತಡ್ಕೊಳ್ತಿತ್ತು, ಇದು ಗೊತ್ತಿದ್ದ ವಿಷಯವೇ, ಆವತ್ತು ಕೈಗೆ ಸಿಕ್ಕಿದ್ದು ಟಿವಿ ಡಬ್ಬದ ಥರ್ಮೋಕೋಲ್. ಅದನ್ನ ಕೆರೆದು ಮತ್ತೆ ಮಾಡಿದ್ರೂ ಆರು ವಾರಕ್ಕೆ ತಗಡಿನ ಕಡೆಯಿಂದ ಹಾಳೆ ಎದ್ದ ಹಾಗೆ ಎದ್ದು ಬಂತು. ಪಾಲಿಯೆಸ್ಟರ್ ಫೈಬರ್‌ಗೆ ಹಿಡಿಯೋ ಹಾಗೆ ತಗಡಿಗೆ ಹಿಡಿಯಲ್ಲ, ಎಷ್ಟೇ ಉಜ್ಜಿ.

ಆಮೇಲೆ ಎಪಾಕ್ಸಿಗೆ ಬಂದೆ, ಇದು ತಗಡಿಗೂ ಹಿಡಿಯೋ ಇನ್ನೊಂದು ಥರದ ರೆಸಿನ್. ಕೆಜಿಗೆ ಸುಮಾರು 700 ಕೊಟ್ಟು ಮೂರು ಕೆಜಿ ತಂದೆ, ಪಾಲಿಯೆಸ್ಟರ್‌ನ ಮೂರು ಪಟ್ಟು ರೇಟು. ಮನೇಲಿದ್ದ 450 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಮ್ಯಾಟನ್ನೇ ಹಾಕಿದೆ. ಅದು ಮಡಚಲೇ ಇಲ್ಲ, ಒದ್ದೆ ರಟ್ಟಿನ ಥರ ಎದ್ದೆದ್ದು ನಿಲ್ತು. ಮ್ಯಾಟಲ್ಲಿ ಎಳೆ ಹಿಡಿದಿಡೋ ಬೈಂಡರ್ ಪಾಲಿಯೆಸ್ಟರ್‌ನಲ್ಲಿರೋ ಸ್ಟೈರೀನ್‌ಗೆ ಕರಗುತ್ತೆ, ಎಪಾಕ್ಸಿಗೆ ಕರಗಲ್ಲ. ಅರ್ಧ ಕೆಜಿ ರೆಸಿನ್ ದಂಡ. ನೇಯ್ದ ಗಾಜಿನ ಬಟ್ಟೆ, 200 ಜಿಎಸ್‌ಎಂದು, ನಾಲ್ಕು ಮೀಟರ್ ತಂದ ಮೇಲೆ ಕೆಲಸ ಕೈಗೆ ಹತ್ತಿತು.

ಕೊನೆಗೂ ಜಾಯಿಂಟ್ ನಿಂತಿದ್ದು ಹೀಗೆ. ಹಳೇದೆಲ್ಲ ಕಿತ್ತು ತಗಡನ್ನ 36 ನಂಬರ್ ಉಜ್ಜೋ ಡಿಸ್ಕಲ್ಲಿ ಬೆಳ್ಳಗೆ ಹೊಳೆಯೋವರೆಗೆ ತಂದೆ, ಜಾಯಿಂಟಿನ ಎರಡೂ ಕಡೆ ಒಂದೂವರೆ ಇಂಚು ಇಳಿಜಾರು. ಅಸಿಟೋನಲ್ಲಿ ಒರೆಸಿ ಅದೇ ದಿನ ಮೊದಲ ಕೈ ಎಪಾಕ್ಸಿ, ರಾತ್ರಿ ಬಿಟ್ರೆ ತುಕ್ಕು ಶುರುವಾಗತ್ತೆ. ರಟ್ಟಿಗೆ ಬ್ರೌನ್ ಟೇಪ್ ಸುತ್ತಿ ಒಳಗಡೆಯಿಂದ ಆಸರೆ ಕೊಟ್ಟೆ. ಗ್ಯಾಪಿಗೆ ಪುಟ್ಟಿ ಅಲ್ಲ, ಎಪಾಕ್ಸಿಗೆ ರೋವಿಂಗ್ (ಗಾಜಿನ ಎಳೆಯ) ದಾರ ಕಾಲಿಂಚಿಗೆ ಕತ್ತರಿಸಿ ಹಾಕಿ ಏರೋಸಿಲ್ (ರೆಸಿನ್ ಮಂದ ಮಾಡೋ ಹಗುರ ಸಿಲಿಕಾ ಪುಡಿ) ಬೆರೆಸಿದ್ದು. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಚಮಚ ತಲೆಕೆಳಗೆ ಮಾಡಿದ್ರೆ ಬೀಳಬಾರದು. ಏರೋಸಿಲ್ ಗಾಳಿಗೆ ಹಾರತ್ತೆ, ಮಾಸ್ಕ್ ಇಲ್ಲದೆ ಡಬ್ಬ ತೆಗೀಬೇಡಿ. ಅದು ಇನ್ನೂ ಅಂಟಂಟು ಇರುವಾಗಲೇ ಬಟ್ಟೆ ಪಟ್ಟಿ, ಒಂದಿಂಚು, ಎರಡಿಂಚು, ಮೂರಿಂಚು, ಒಂದರ ಮೇಲೊಂದು. ಮಾರನೇ ದಿನ ಆಸರೆ ಕಿತ್ತು ಒಳಗಡೆಯಿಂದಲೂ ಎರಡು ಪದರ. ಒಳಗಡೆ ಕೊಡದೆ ಬಿಡೋರೇ ಜಾಸ್ತಿ, ಟೈರಿಂದ ಸಿಡಿಯೋ ಕಲ್ಲು ಹೊಡೆಯೋದು ಅಲ್ಲೇ.

ಬಂಪರ್ ತುದಿ ಮೂಲೇಲಿ ಪಟ್ಟಿ ಹೇಗೆ ಕತ್ತರಿಸಿ ತಿರುಗಿಸಿದೆ ಅನ್ನೋದನ್ನ ಹೇಳಲ್ಲ, ಅದಕ್ಕೆ ನನ್ನ ನಾಲ್ಕು ಭಾನುವಾರ ಹೋಗಿದೆ.

ಗಾಜಿನ ಬಟ್ಟೆ ಬದಲು ಗೋಣಿಚೀಲದ ಬಟ್ಟೆಯಲ್ಲೂ ಒಂದು ಪ್ರಯೋಗ ಮಾಡಿ ನೋಡಿದೆ, ಗಾಡಿ ಮೇಲಲ್ಲ, ಹಳೇ ಬಾನೆಟ್ ತುಂಡಿನ ಮೇಲೆ. ರೆಸಿನ್ ಸಿಕ್ಕಾಪಟ್ಟೆ ಕುಡೀತು, ಒಣಗಿದ ಮೇಲೆ ಗಟ್ಟಿಯಾಗೇ ಇತ್ತು, ಆದ್ರೆ ಕತ್ತರಿಸಿದ ಅಂಚು ತೆರೆದಿದ್ದ ಕಡೆ ಮಳೆ ನೀರು ಹೀರಿ ಉಬ್ಬಿತು. ಸ್ಪೀಕರ್ ಡಬ್ಬಕ್ಕೆ ಆಗಬಹುದು ಅನ್ಸತ್ತೆ, ಮುಂದಿನ ಸಲ ನೋಡ್ತೀನಿ.

ಈಗ ಬಿಸಿಲಿನ ವಿಷಯ, ಜಗಳ ಆಗಿದ್ದೇ ಇಲ್ಲಿ. ಜಾಯಿಂಟ್ ಎಲ್ಲ ಉಜ್ಜಿ ಸಮ ಮಾಡಿದ ಮೇಲೆ ಹೊಳಪಿಲ್ಲದ ಅಗ್ಗದ ಕಪ್ಪು ಪೇಂಟ್ ಹೊಡೆದು ಗಾಡಿನ ಏಪ್ರಿಲ್ ಬಿಸಿಲಿಗೆ 20 ದಿನ ನಿಲ್ಲಿಸಿಬಿಟ್ಟೆ. ಕಪ್ಪು ಬಣ್ಣ ಯಾಕಂದ್ರೆ ಬಿಸಿ ಜಾಸ್ತಿ ಹೀರತ್ತೆ, ರೆಸಿನ್ ಕುಗ್ಗೋದೆಲ್ಲ ಕೊನೇ ಪೇಂಟಿಗೆ ಮುಂಚೆಯೇ ಕುಗ್ಗಲಿ ಅಂತ. ನಮ್ಮ ಪೇಂಟರಣ್ಣ ಬಂದು ನೋಡಿ "ಏನಪ್ಪಾ, ಹಪ್ಪಳ ಒಣಗಿಸ್ತಾ ಇದ್ದೀಯಾ? ಪ್ರೈಮರ್ ಹೊಡೆದು ಮುಗಿಸ್ತೀನಿ ಕೊಡು" ಅಂದ. "ಇಪ್ಪತ್ತು ದಿನ ಆಗೋವರೆಗೆ ಮುಟ್ಬೇಡ ಅಣ್ಣಾ" ಅಂದೆ. ಇಪ್ಪತ್ತನೇ ದಿನ ಅವನ ಕೈ ಹಿಡಿದು ಜಾಯಿಂಟ್ ಮೇಲೆ ಸವರಿಸಿದೆ. ಸಮ ಇದ್ದ ಜಾಗ ಉಗುರಿನ ದಪ್ಪ ತಗ್ಗಾಗಿತ್ತು, ಉದ್ದಕ್ಕೂ ಒಂದು ಕಾಲುವೆ ಥರ, ಕಣ್ಣಿಗೆ ಕಾಣ್ತಿರಲಿಲ್ಲ, ಬೆರಳಿಗೆ ಸಿಗ್ತಿತ್ತು. ಪೇಂಟ್ ಆದ ಮೇಲೆ ಹೀಗೆ ಕುಗ್ಗಿದ್ರೆ ಆ ಗೆರೆ ಎದ್ದು ಕಾಣ್ತಿತ್ತು. ಅವನು ಇನ್ನೊಂದು ಸಲ ತಾನೇ ಸವರಿ ನೋಡಿ, ಪುಟ್ಟಿ ಡಬ್ಬ ತೆಗೆದ.

ಪುಟ್ಟಿ ಒಂದು ಎಂಎಂ ಮೀರಿಲ್ಲ. ಅದಕ್ಕೂ ಮುಂಚೆ ಎಪಾಕ್ಸಿ ಮೇಲೆ ಬರೋ ಜಿಡ್ಡನ್ನ ನೀರು ಮತ್ತೆ ಸ್ಕಾಚ್ ಬ್ರೈಟಲ್ಲಿ ತೊಳೆದು, ಒಣಗಿಸಿ, 80 ನಂಬರ್ ಉಜ್ಜುಕಾಗದದಲ್ಲಿ ಉಜ್ಜಲೇಬೇಕು. ಮೊದಲು ಒಂದು ಕಡೆ ತೊಳೀದೆ ಉಜ್ಜಿ ಹಾಕಿದ್ದೆ, ಅಂಚಲ್ಲಿ ಪುಟ್ಟಿ ಒಣಗದೆ ಜಿಗಿಜಿಗಿ ಉಳಿದು ಸ್ಕ್ರೇಪರ್ ಇಟ್ರೆ ಪಟ್ಟಿ ಪಟ್ಟಿಯಾಗಿ ಬಂತು. ಕೊನೇ ಕೈ ಪುಟ್ಟಿಗೆ ಬಾಗೋ ಗುಣ ಬರಲಿ ಅಂತ ಒಂದು ಸಾಮಾನು ಬೆರೆಸ್ತೀನಿ, ಅದೂ ಸದ್ಯಕ್ಕೆ ನನ್ನ ಹತ್ರಾನೇ ಇರಲಿ.

ಒಟ್ಟು ಖರ್ಚು ನೆನಪಿದ್ದಷ್ಟು 38 ಸಾವಿರ, ಅದರಲ್ಲಿ ಸರಿಯಾಗಿ ನಿಂತ ಕೆಲಸಕ್ಕೆ ಹೋಗಿದ್ದು ಪೇಂಟ್ ಬಿಟ್ಟು 12-13 ಸಾವಿರ. ಹೋದ ತಿಂಗಳು ಬೀಡಿಂಗ್ ಹಾಕು ಅಂದಿದ್ದವರಲ್ಲೇ ಒಬ್ಬರು ತಮ್ಮ ಜಿಪ್ಸಿ ತಂದು ನಿಲ್ಲಿಸಿ ಹೋಗಿದ್ದಾರೆ, ನಾಲ್ಕೂ ಚಕ್ರಕ್ಕೆ.

ನಾಲ್ಕನೇ ಜಾಯಿಂಟು, ಹಿಂದಿನ ಬಲಗಡೆದು. ಅಲ್ಲಿ ಕೊನೇಲಿ ಬಟ್ಟೆ ಸಾಲದೆ ಕೆಳಗಿನ ನಾಲ್ಕಿಂಚಿಗೆ ಒಂದೇ ಪದರ ಹಾಕಿದ್ದೆ. ಸರಿಯಾಗಿ ಅದೇ ಜಾಗದಲ್ಲಿ ಈಗ ಒಂದಿಂಚು ಉದ್ದದ ಗೆರೆ ಬಂದಿದೆ. ಪೆನ್ಸಿಲಲ್ಲಿ ಎರಡೂ ತುದಿಗೆ ಗುರುತು ಹಾಕಿ ತಾರೀಕು ಬರೆದಿದ್ದೀನಿ, ಮಳೆಗಾಲ ಮುಗಿಯೋಷ್ಟರಲ್ಲಿ ಗುರುತು ದಾಟಿದ್ರೆ ಬಿಚ್ಚೋದು.