ಡಿಸೆಬಿಲಿಟಿ ಪೆನ್ಷನ್ ರಿಜೆಕ್ಟ್ ಆದ್ರೆ ಅಪೀಲ್ ಹಾಕುವುದು ಹೇಗೆ? ಕಾಸರಗೋಡಿನ ಎಕ್ಸ್ ಮಿಲಿಟ್ರಿಯವ್ರಿಗೆ

ರಿಜೆಕ್ಟ್ ಲೆಟರ್ ಬಂದ ಕೂಡ್ಲೇ ವಕೀಲರ ಹತ್ರ ಓಡ್ಬೇಡಿ, ಮೊದ್ಲು ಆ ಕಾಗದ ಸರಿ ಓದಿ, ಕವರನ್ನೂ ಬಿಸಾಡ್ಬೇಡಿ ಮಾರಾಯ್ರೆ, ಲೆಟರ್ ಯಾವಾಗ ಸಿಕ್ಕಿದ್ದು ಅಂತ ತೋರಿಸ್ಲಿಕ್ಕೆ ಕುಂಬಳೆಯದ್ದೋ ಬದಿಯಡ್ಕದ್ದೋ ಪೋಸ್ಟಾಫೀಸಿನ ಆ ಸೀಲೇ ಬೇಕಾಗ್ತದೆ. ಫಸ್ಟ್ ಅಪೀಲಿಗೆ ಇರುವುದು ಆರು ತಿಂಗಳು.

ಹೆಚ್ಚಾಗಿ ಎರಡರಲ್ಲಿ ಒಂದು ಕಾರಣ ಇರ್ತದೆ. ಒಂದೋ ಡಿಸೆಬಿಲಿಟಿಯ ಪರ್ಸೆಂಟೇಜ್ 20ಕ್ಕಿಂತ ಕಮ್ಮಿ ಅಂತ, ಇಲ್ಲದಿದ್ರೆ ಕಾಯಿಲೆ ಸರ್ವೀಸಿಂದ ಬಂದದ್ದೂ ಅಲ್ಲ, ಸರ್ವೀಸಲ್ಲಿ ಜೋರಾದದ್ದೂ ಅಲ್ಲ ಅಂತ. ಬಿಪಿ, ಶುಗರಿನವ್ರಿಗೆ ಈ ಎರಡನೇದೇ ಜಾಸ್ತಿ. ಇದಕ್ಕೆ ಉತ್ತರ ಇರುವುದು ನಿಮ್ಮ ರಿಲೀಸ್ ಮೆಡಿಕಲ್ ಬೋರ್ಡಿನ, ಅಂದ್ರೆ ಸರ್ವೀಸ್ ಬಿಡುವಾಗ ಡಾಕ್ಟ್ರುಗಳು ಮಾಡಿದ ತಪಾಸಣೆಯ ಪೇಪರಲ್ಲಿ, ಕಾಪಿ ಇಲ್ಲದಿದ್ರೆ ನಿಮ್ಮ ಸರ್ವೀಸಿನ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಆರ್‌ಟಿಐ ಹಾಕಿ, ಭರ್ತಿ ಆಗುವಾಗ ಮಾಡಿದ ಮೆಡಿಕಲ್ ಕೂಡ ಕೇಳಿ. ಭರ್ತಿಯಲ್ಲಿ ಆ ಕಾಯಿಲೆಯ ಸುದ್ದಿಯೇ ಇಲ್ಲ, ಬೋರ್ಡಿನ ಡಾಕ್ಟ್ರು ಯಾಕೆ ಸಂಬಂಧ ಇಲ್ಲ ಅಂತ ಕಾರಣವೂ ಬರೀಲಿಲ್ಲ ಅಂದ್ರೆ ನಿಮ್ಮ ಕೇಸಿಗೆ ಜೀವ ಉಂಟು. 2013ರಲ್ಲಿ ಧರಮ್‌ವೀರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ, ಸಂಬಂಧ ಇಲ್ಲ ಅಂತ ತೋರಿಸುವ ಹೊಣೆ ಡಿಪಾರ್ಟ್‌ಮೆಂಟಿಂದು, ಜವಾನನದ್ದಲ್ಲ. 2023 ಸೆಪ್ಟೆಂಬರ್ 21ರ ನಂತರ ಸರ್ವೀಸಿಂದ ಹೊರಗೆ ಬಂದವ್ರಿಗೆ ಮಾತ್ರ ಈ ಪೆನ್ಷನಿನ ಹೊಸ ರೂಲ್ಸ್, ಅವ್ರು ಹಳಬರ ಅಪೀಲ್ ನೋಡಿ ಕಾಪಿ ಹೊಡೀಬೇಡಿ.

ಬರೀಲಿಕ್ಕೆ ಎರಡು ಪುಟ ಸಾಕು. ದೇಶಸೇವೆಯ ಪುರಾಣ ಬೇಡ, "2009ರಲ್ಲಿ ಲೇಹ್‌ನಲ್ಲಿರುವಾಗ ಮೊದಲು ಬಿಪಿ ಕಂಡದ್ದು, ಅದಕ್ಕೆ ಮುಂಚಿನ ಎಲ್ಲ ಮೆಡಿಕಲ್ಲೂ ಶೇಪ್ ಒನ್ (ಪೂರ್ತಿ ಫಿಟ್)" ಇಂಥ ಒಂದು ಸಾಲಿಗೆ ಇರುವ ತೂಕ ಇಡೀ ಪುರಾಣಕ್ಕಿಲ್ಲ. ಇಂಗ್ಲಿಷ್ ಕಷ್ಟ ಆದ್ರೆ ಕಾಸರಗೋಡಿನ ಜಿಲ್ಲಾ ಸೈನಿಕ ವೆಲ್ಫೇರ್ ಆಫೀಸಲ್ಲಿ ಕೇಳಿ, ಮಲಯಾಳ ಸರಿ ಬಾರದವ್ರು ಹಿಂದಿಯಲ್ಲಿ ಮಾತಾಡಿ, ನಮ್ಮವ್ರಿಗೆ ಅದೇನು ಹೊಸತಲ್ಲ. ಕಳಿಸುವುದು ನಿಮ್ಮ ರೆಕಾರ್ಡ್ ಆಫೀಸಿಗೆ, ಡಿಎಸ್‌ಸಿ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಅವ್ರಿಗೆ ಅದು ಕಣ್ಣೂರಲ್ಲಿ. ಸ್ಪೀಡ್ ಪೋಸ್ಟಲ್ಲೇ ಹಾಕಿ, ರಸೀದಿ ಜೋಪಾನ.

ಅದೂ ರಿಜೆಕ್ಟ್ ಆದ್ರೆ ಆರು ತಿಂಗಳ ಒಳಗೆ ಸೆಕೆಂಡ್ ಅಪೀಲ್, ಆಮೇಲೆ ಮಿಲಿಟ್ರಿಯವ್ರ ಕೇಸು ನೋಡುವ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್, ನಮಗೆ ಅದರ ಬೆಂಚು ಕೊಚ್ಚಿಯಲ್ಲಿ. ವರ್ಷಗಟ್ಟಲೆ ಸುಮ್ಮನೆ ಕೂತು ಆಮೇಲೆ ಹೋದವ್ರಿಗೆ ಗೆದ್ರೂ ಅರಿಯರ್ಸ್ ಸಾಮಾನ್ಯವಾಗಿ ಕೇಸ್ ಹಾಕಿದ್ದಕ್ಕೆ ಮುಂಚಿನ ಮೂರೇ ವರ್ಷದ್ದು, ತಡ ಮಾಡಿದಷ್ಟೂ ನಿಮ್ಮದೇ ಹಣ ಹೋಗ್ತದೆ. ಇನ್ನು ಹಳೇ ರೂಲ್ಸಿನವ್ರು ಅರ್ಜಿಯಲ್ಲಿ ರೌಂಡಿಂಗ್ ಆಫ್ ಬೇಕು ಅಂತ ಬೇರೆಯೇ ಬರೀರಿ, 20 ಪರ್ಸೆಂಟ್ ಇದ್ರೂ ಅದ್ರಲ್ಲಿ 50 ಅಂತ ಲೆಕ್ಕ ಆಗ್ತದೆ.